ಗುಬ್ಬಿ ವೀರಣ್ಣನವರ ಸಂಚಾರಿ ನಗರ

ಕಲೆ ಯಾವ ಊರಿನಲ್ಲಿಯಾದರೂ ಹುಟ್ಟಬಹುದು. ಕಲೆಯ ಉದ್ಯಮವು ಮಾತ್ರ ಮಹಾನಗರವನ್ನೇ ಅರಸಿಕೊಂಡು ಹೋಗುತ್ತದೆ. ನಟರು, ಸಂಗೀತಗಾರರು, ಕುಶಲಕರ್ಮಿಗಳು, ಹಣ ಹೂಡುವವರು ಒಂದೆಡೆ ನೆರೆದಾಗ ಒಬ್ಬರ ಕಸುಬು ಇನ್ನೊಬ್ಬರ ಕಸುಬನ್ನು ಬೆಳೆಸುತ್ತದೆ. ಈ ನಿಯಮವನ್ನು ಬಹುಕಾಲ ಮೀರಿ ನಿಂತು, ಕಡೆಗೆ ಅದಕ್ಕೆ ಮಣಿಯಬೇಕಾದುದು ಗುಬ್ಬಿ ವೀರಣ್ಣನವರ ಜೀವನದ ಕಥೆ.

ತುಮಕೂರು ಜಿಲ್ಲೆಯ ಸಣ್ಣ ಊರಾದ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿಯು ಹುಟ್ಟಿಕೊಂಡಿತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಅದನ್ನು ಸೇರಿ, 1917ರಲ್ಲಿ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನಾಗಿ ಅವರು ನಾಡನ್ನೇ ನಗಿಸಿದರು. ಆದರೆ ನಟನೆಗಿಂತಲೂ ದೊಡ್ಡದು ಅವರ ಸಂಘಟನೆ. ನಟನಟಿಯರು, ಹಾರ್ಮೋನಿಯಂ ತಬಲಗಳ ವಾದಕರು, ಪರದೆ ಬರೆಯುವವರು, ದರ್ಜಿಗಳು, ಬಡಗಿಗಳು, ಅಡಿಗೆಯವರು, ಇವರೆಲ್ಲರನ್ನೂ ಒಂದೇ ಸಂಸಾರದಂತೆ ಕಟ್ಟಿಕೊಂಡು ಅವರು ಊರೂರಿನಲ್ಲಿ ಬಿಡಾರ ಹೂಡಿದರು. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗವನ್ನೇರಿದುವು. ಮಹಾನಗರವು ಕಲಾವಿದರಿಗೆ ಒದಗಿಸುವ ನೆರವೆಲ್ಲವೂ ಆ ಡೇರೆಯೊಳಗಿದ್ದಿತು. ಜನರು ನಗರಕ್ಕೆ ಹೋಗಬೇಕಾಗಿರಲಿಲ್ಲ. ನಗರವೇ ಜನರ ಬಳಿಗೆ ಬರುತ್ತಿತ್ತು.

ಚಲನಚಿತ್ರ ಬಂದೊಡನೆ ಸ್ಥಿತಿ ಬದಲಾಯಿತು. ಸ್ಟುಡಿಯೋ, ಸಂಸ್ಕರಣಾಲಯ, ಯಂತ್ರತಜ್ಞರು, ಇವು ಗಾಡಿಯಲ್ಲಿ ಹೇರಿಕೊಂಡು ಹೋಗುವಂಥವಲ್ಲ. ಮೂಕಿಚಿತ್ರಗಳ ಕಾಲದಲ್ಲಿಯೇ ವೀರಣ್ಣನವರು ಬೆಂಗಳೂರಿನಲ್ಲಿ ಚಿತ್ರನಿರ್ಮಾಣಕ್ಕೆ ಕೈಹಾಕಿದರೂ ಉದ್ಯಮವು ಇಲ್ಲಿ ಬೇರೂರಲಿಲ್ಲ. ಹಲವು ಭಾಷೆಗಳ ಚಿತ್ರಗಳು ತಯಾರಾಗುತ್ತಿದ್ದ ಮದರಾಸಿನಲ್ಲಿ ತಜ್ಞರಿಗೆ ವರ್ಷವಿಡೀ ಕೆಲಸವಿತ್ತು. ನಿರ್ಮಾಪಕನಿಗೆ ಬೇಕಾದುದೆಲ್ಲ ಕೈಗೆಟುಕುವಂತಿತ್ತು. ಕನ್ನಡವೊಂದರ ಮಾರುಕಟ್ಟೆಯು ಆಗ ಅಷ್ಟನ್ನು ಹೊರಲಾರದಾಗಿತ್ತು. 1954ರಲ್ಲಿ ವೀರಣ್ಣನವರ ಸಂಸ್ಥೆಯ ‘ಬೇಡರ ಕಣ್ಣಪ್ಪ’ ತೆರೆಕಂಡಿತು. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಮುಂದೆ ಅವರ ಕಲೆಗೂ ಮದರಾಸಿನ ಸ್ಟುಡಿಯೋಗಳೇ ನೆಲೆಯಾದುವು. ಬಿತ್ತಿದ ಹೊಲ ಒಂದು, ಫಸಲು ಕಂಡ ಕಣ ಇನ್ನೊಂದು.

1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಸ್ಥಾಪನೆಯಾಯಿತು. ಸರಕಾರದ ಸಹಾಯಧನವೂ ದೊರೆಯಿತು. ಕನ್ನಡ ಚಿತ್ರೋದ್ಯಮವು ಮೆಲ್ಲಮೆಲ್ಲನೆ ನಾಡಿಗೆ ಮರಳಿತು. ಪದ್ಮಶ್ರೀ ಗೌರವ ಸಂದ 1972ರಲ್ಲಿಯೇ ವೀರಣ್ಣನವರು ತೀರಿಕೊಂಡರು.

ಉದ್ಯಮವು ಮರಳಿದ್ದು ಬೆಂಗಳೂರಿಗೆ, ಗಾಂಧಿನಗರದ ಬೀದಿಗಳಿಗೆ, ಗುಬ್ಬಿಯಂಥ ಊರುಗಳಿಗಲ್ಲ. ಒಂದು ಮಹಾನಗರದ ಬದಲು ಮತ್ತೊಂದು ಮಹಾನಗರ ದೊರೆತಂತಾಯಿತು, ಅಷ್ಟೆ. ಸಣ್ಣ ಊರಿನ ಪ್ರತಿಭೆಗೆ ಸಣ್ಣ ಊರಿನಲ್ಲಿಯೇ ಅನ್ನವನ್ನೂ ಶಿಕ್ಷಣವನ್ನೂ ಕೊಟ್ಟ ಆ ಸಂಚಾರಿ ನಗರದ ಸ್ಥಾನವು ಇಂದಿಗೂ ತೆರವಾಗಿಯೇ ಇದೆ. ವೀರಣ್ಣನವರನ್ನು ಸ್ಮರಿಸುವವರು ಆಲೋಚಿಸಬೇಕಾದುದು ಇದನ್ನೇ.