ದತ್ತ ಮಂಡಲದ ದೊರೆ ಸರ್ ಥಾಮಸ್ ಮನ್ರೋ

ಬಳ್ಳಾರಿಯ ಹಳೆಯ ತಲೆಮಾರಿನವರು ಮನ್ರೋ ಸಾಹೇಬನೆಂದು ಆದರದಿಂದ ನೆನೆಯುತ್ತಿದ್ದ ಥಾಮಸ್ ಮನ್ರೋ ಹುಟ್ಟಿನಿಂದ ಶ್ರೀಮಂತ ಮನೆತನದವನಲ್ಲ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದ ಅವನು, ಅಮೆರಿಕೆಯ ಯುದ್ಧದಿಂದ ತಂದೆಯ ವ್ಯಾಪಾರ ಮುಳುಗಿದ ಮೇಲೆ ಕಂಪನಿಯ ಸೈನ್ಯವನ್ನು ಸೇರಿ 1780ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದನು. ಅದೇ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಹಿಕಿಯು ಹಿಂದೂಸ್ಥಾನದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದನು. ಮುಂದೆ ಇವೆರಡೂ ಎದುರುಬದುರಾಗಿ ನಿಲ್ಲುವುವೆಂದು ಆಗ ಯಾರು ಬಲ್ಲರು?

ಹೈದರಾಲಿ, ಟೀಪೂ ಸುಲ್ತಾನರೊಡನೆ ನಡೆದ ಯುದ್ಧಗಳಲ್ಲಿ ಕತ್ತಿ ಹಿಡಿದವನು ಬಾರಾಮಹಲಿನಲ್ಲಿ ಕಂದಾಯದ ಲೆಕ್ಕ ಕಲಿತನು. 1800ರಲ್ಲಿ ನಿಜಾಮನು ಸೈನ್ಯದ ವೆಚ್ಚಕ್ಕೆಂದು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಆ ದತ್ತ ಮಂಡಲಕ್ಕೆ ಮನ್ರೋ ಪ್ರಧಾನ ಕಲೆಕ್ಟರನಾದನು. ಎಂಬತ್ತರಷ್ಟು ಪಾಳೆಯಗಾರರು ಹರಡಿಕೊಂಡಿದ್ದ ನಾಡು ಅದು. ಅವರನ್ನು ಅಡಗಿಸುವಲ್ಲಿ ಅವನ ಕೈ ಮೃದುವಾಗಿರಲಿಲ್ಲ. ಇದನ್ನು ಮರೆಮಾಚಿ ಅವನನ್ನು ಹೊಗಳುವುದು ಸಲ್ಲದು.

ಏಳು ವರ್ಷಗಳಲ್ಲಿ ಹೆಚ್ಚಿನ ಕಾಲವನ್ನು ಅವನು ಡೇರೆಯಲ್ಲಿಯೇ ಕಳೆದನು. ರೈತರೊಡನೆ ದುಭಾಷಿಯಿಲ್ಲದೆ ಮಾತನಾಡಬಲ್ಲವನಾಗಿದ್ದನು. ತುಂಗಭದ್ರೆಯ ಕಾಲುವೆ ನೀರುಂಡ ಸಿರುಗುಪ್ಪದ ಗದ್ದೆಗಳಿಗೂ ಮಳೆಯನ್ನೇ ನಂಬಿದ ಕುರುಗೋಡಿನ ಹೊಲಗಳಿಗೂ ಒಂದೇ ಕಟ್ಟು ಸಲ್ಲದು. ಆದುದರಿಂದ ಹೊಲಹೊಲವನ್ನು ಅಳೆದು, ಮಣ್ಣಿನ ಗುಣ ನೋಡಿ ತೀರುವೆ ಗೊತ್ತುಮಾಡುವ ಕ್ರಮವು ಬಂದಿತು. ನಡುವೆ ಜಮೀನ್ದಾರನಿಲ್ಲದೆ ಸರಕಾರವು ರೈತನೊಡನೆಯೇ ವ್ಯವಹರಿಸುವ ರಯತವಾರಿ ಪದ್ಧತಿಯಿದು. ಆದರೆ ತೀರುವೆಯು ಭಾರವಾಗಿದ್ದಿತು. ಅದನ್ನು ಅವನೇ ಮನಗಂಡು, 1807ರಲ್ಲಿ ಹುದ್ದೆ ಬಿಡುವ ಮುನ್ನ ನೂರಕ್ಕೆ ಇಪ್ಪತ್ತೈದರಷ್ಟು ಇಳಿಸಬೇಕೆಂದು ಬರೆದನು. ಮೇಲಿನವರು ಕಿವಿಗೊಡಲಿಲ್ಲ, ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟು ರೈತರನ್ನು ಬಳಲಿಸಿದರು.

1818ರ ಮರಾಠಾ ಯುದ್ಧದಲ್ಲಿ ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದ ಮನ್ರೋ 1820ರಲ್ಲಿ ಮದರಾಸಿನ ಗವರ್ನರನಾದನು. 1825ರಲ್ಲಿ ಬ್ಯಾರೊನೆಟ್ ಪದವಿಯೂ ಬಂದಿತು. ವಿದ್ಯಾಸಂಸ್ಥೆಯವರು ಗಮನಿಸಬೇಕಾದುದು ಅವನು 1822ರಲ್ಲಿ ಆಜ್ಞಾಪಿಸಿದ ಶಾಲೆಗಳ ಗಣತಿ. ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್ಲನು 1823ರಲ್ಲಿ ಕಳುಹಿಸಿದ ವರದಿಯಂತೆ ಈ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಜನರ ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿವೆಯೆಂದೂ ಕ್ಯಾಂಬೆಲ್ಲನು ಮರೆಮಾಚದೆ ತಿಳಿಸಿದನು.

ಇಂಥವನೇ ಅದೇ 1822ರ ಏಪ್ರಿಲಿನಲ್ಲಿ ಪತ್ರಿಕಾಸ್ವಾತಂತ್ರ್ಯವನ್ನು ವಿರೋಧಿಸಿ ಟಿಪ್ಪಣಿ ಬರೆದನು. ಪರಕೀಯರ ಆಳ್ವಿಕೆಯೂ ಸ್ವತಂತ್ರ ಪತ್ರಿಕೆಯೂ ಒಂದೆಡೆ ಬಹುಕಾಲ ಬಾಳಲಾರವೆಂಬುದು ಅವನ ವಾದದ ತಿರುಳು. ಪತ್ರಿಕೆಗಳ ಮಾತು ದೇಶೀ ಸಿಪಾಯಿಗಳಿಗೆ ಮುಟ್ಟೀತೆಂಬ ಅಂಜಿಕೆ ಆ ಹಳೆಯ ದಂಡಾಳುವಿನದು. ಮರುವರ್ಷ ಕಲ್ಕತ್ತೆಯ ಸರಕಾರವು ಪತ್ರಿಕೆಗಳಿಗೆ ಲೈಸೆನ್ಸಿನ ಕಟ್ಟಳೆ ವಿಧಿಸಿ, ಸಂಪಾದಕ ಬಕಿಂಗ್‌ಹ್ಯಾಮನನ್ನು ದೇಶದಿಂದ ಹೊರಡಿಸಿತು. ರೈತನ ಕೈಗೆ ನೆಲವನ್ನೊಪ್ಪಿಸಲು ಹಿಂಜರಿಯದವನು ಅವನ ಕೈಗೆ ಸುದ್ದಿಯ ಹಾಳೆಯನ್ನೊಪ್ಪಿಸಲು ಹಿಂಜರಿದನು. ಆದರೂ ತನ್ನ ದೊರೆತನದ ನೆಲೆಯಾವುದೆಂಬುದನ್ನು ಅವನಷ್ಟು ನಿಚ್ಚಳವಾಗಿ ಒಪ್ಪಿಕೊಂಡ ಅಧಿಕಾರಿಗಳು ವಿರಳ. ದೇಶೀಯರಿಗೆ ಉನ್ನತ ಹುದ್ದೆಗಳು ದೊರೆಯಬೇಕೆಂದು ವಾದಿಸಿದವನೂ ಅವನೇ.

1827ರಲ್ಲಿ ದತ್ತ ಮಂಡಲದ ಜನರನ್ನು ಕಡೆಯ ಬಾರಿಗೆ ಕಾಣಲು ಬಂದ ಮನ್ರೋ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬೇನೆಗೆ ತುತ್ತಾದನು. ದೇಹವನ್ನು ಗುತ್ತಿಯಲ್ಲಿ ಹೂಳಿ, ಬಳಿಕ ಮದರಾಸಿಗೆ ಒಯ್ದರು. ಮಂತ್ರಾಲಯದ ಬೃಂದಾವನದ ಮುಂದೆ ಅವನಿಗೆ ರಾಘವೇಂದ್ರ ಸ್ವಾಮಿಗಳ ದರ್ಶನವಾಯಿತೆಂಬ ಪ್ರತೀತಿ ಈ ಸೀಮೆಯಲ್ಲಿ ಮನೆಮಾತಾಗಿದೆ.

1835ರಲ್ಲಿ ಮೆಟ್ಕಾಫನು ಪತ್ರಿಕೆಗಳ ಕಟ್ಟು ಬಿಚ್ಚಿದನು. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗನು ಆರಂಭಿಸಿದ ಕನ್ನಡದ ಮೊದಲ ಪತ್ರಿಕೆಯು ಮರುವರ್ಷ ಕನ್ನಡ ಸಮಾಚಾರವೆಂಬ ಹೆಸರು ತಳೆದು, ಮನ್ರೋ ಆಳಿದ ಬಳ್ಳಾರಿಯಲ್ಲಿಯೇ ಅಚ್ಚಾಯಿತು.