ಕಾರ್ಪೆಟ್ ತೆಗೆಸಿದ ಡಿಸೈನರ್

ನಮ್ಮ ಕ್ಲಾಸಲ್ಲಿ ಈಗ ತುಂಬಾ ಜನ ಯುಎಕ್ಸ್ ಡಿಸೈನರ್ ಆಗ್ತೀನಿ ಅಂತಾರೆ. ಈ ಕೆಲಸ ಸ್ಮಾರ್ಟ್‌ಫೋನ್ ಜೊತೆಗೇ ಹುಟ್ಟಿದ್ದು ಅಂತ ನಾನೂ ಅಂದ್ಕೊಂಡಿದ್ದೆ. ಇದರ ವಂಶವೃಕ್ಷ ಹುಡುಕ್ತಾ ಹೋದರೆ ಕಂಪ್ಯೂಟರ್‌ಗಿಂತ ಹಿಂದಕ್ಕೆ, ನಾಟಕದ ಸ್ಟೇಜಿನವರೆಗೂ ಹೋಗಬೇಕಾಯ್ತು. ಅಲ್ಲಿ ಸಿಕ್ಕಿದವರು ಹೆನ್ರಿ ಡ್ರೈಫಸ್.

ಡ್ರೈಫಸ್ ಹುಟ್ಟಿದ್ದು 1904ರಲ್ಲಿ, ನ್ಯೂಯಾರ್ಕಿನಲ್ಲಿ. ಮನೆಯವರದ್ದು ನಾಟಕಗಳಿಗೆ ಸಾಮಾನು ಒದಗಿಸುವ ವ್ಯಾಪಾರ. ಚಿಕ್ಕ ವಯಸ್ಸಿನಲ್ಲೇ ನಾರ್ಮನ್ ಬೆಲ್ ಗೆಡ್ಡೆಸ್ ಎಂಬ ರಂಗವಿನ್ಯಾಸಕರ ಹತ್ತಿರ ಕೆಲಸ ಕಲಿತರು. 1929ರಲ್ಲಿ ಸ್ವಂತ ಆಫೀಸು ತೆರೆದರು.

ಅವರ ಜೀವನದಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ ನಡೆದದ್ದು ಅಯೋವಾದ ಸೂ ಸಿಟಿಯಲ್ಲಿ. ಅಲ್ಲೊಂದು ಹೊಸದಾಗಿ ಸಿಂಗರಿಸಿದ ಥಿಯೇಟರ್. ಟಿಕೆಟ್ ರೇಟು ಇಳಿಸಿದರೂ ಜನ ಬರ್ತಿರಲಿಲ್ಲ. ಡ್ರೈಫಸ್ ಹೋಗಿ ಸುಮ್ಮನೆ ನಿಂತು ಜನರನ್ನ ನೋಡಿದರು, ಅವರ ಮಾತು ಕೇಳಿಸಿಕೊಂಡರು. ಅಲ್ಲಿನ ರೈತರಿಗೂ ಕೂಲಿಯವರಿಗೂ ಒಳಗೆ ಹಾಸಿದ್ದ ದುಬಾರಿ ಕಾರ್ಪೆಟ್ ಕಂಡರೆ ಮುಜುಗರ. ಕೆಸರಿನ ಬೂಟಲ್ಲಿ ಅದನ್ನ ತುಳಿಯೋದು ಹೇಗೆ? ಕಾರ್ಪೆಟ್ ತೆಗೆಸಿ ಸಾದಾ ರಬ್ಬರ್ ಮ್ಯಾಟ್ ಹಾಕಿಸಿದರು. ಜನ ಬರೋಕೆ ಶುರುವಾದರು.

ಬೆಲ್ ಕಂಪನಿಯವರು ಮುಂದಿನ ಕಾಲದ ಟೆಲಿಫೋನ್ ಹೇಗಿರಬೇಕು ಅಂತ ಚಿತ್ರ ಬರೆದುಕೊಡಿ, 1000 ಡಾಲರ್ ಕೊಡ್ತೀವಿ ಅಂದಾಗ ಡ್ರೈಫಸ್ ಬೇಡ ಅಂದರು. ಇಂಜಿನಿಯರ್‌ಗಳ ಜೊತೆ ಕೂತು ಕೆಲಸ ಮಾಡದೆ ಹೊರಗಿನ ರೂಪ ಮಾತ್ರ ಬರೆಯೋದು ಅವರಿಗೆ ಒಪ್ಪಿಗೆ ಇರಲಿಲ್ಲ. ಕೊನೆಗೆ ಬೆಲ್ ಅವರ ದಾರಿಗೇ ಬಂತು. 1937ರ 302, 1949ರ 500 ಮಾದರಿಯ ಫೋನುಗಳು ಹಾಗೆ ಬಂದವು. 500ರಲ್ಲಿ ಅಂಕಿಗಳನ್ನ ಡಯಲ್ಲಿನ ರಂಧ್ರಗಳಿಂದ ಹೊರಗೆ ತಂದರು. ಆದರೆ ಬೆರಳಿಗೆ ಗುರಿ ಸಿಗದೆ ಜನ ನಿಧಾನವಾದರು! ಬೆಲ್ ಲ್ಯಾಬ್ಸ್‌ನ ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಪ್ರತಿ ರಂಧ್ರದೊಳಗೂ ಒಂದು ಚುಕ್ಕೆ ಇಡಿಸಿದರು. ತೊಂದರೆ ತೀರಿತು.

ಡ್ರೈಫಸ್ ಆಫೀಸಿನಲ್ಲಿ ಜೋ, ಜೋಸೆಫಿನ್ ಅಂತ ಇಬ್ಬರ ಚಿತ್ರಗಳಿದ್ದವು. ಸಾಮಾನ್ಯ ಗಂಡಸು, ಹೆಂಗಸಿನ ಕೈಕಾಲಿನ ಅಳತೆಗಳೆಲ್ಲ ಅದರಲ್ಲಿ. ಟ್ರ್ಯಾಕ್ಟರ್ ಸೀಟಾಗಲಿ, ಇಸ್ತ್ರಿ ಪೆಟ್ಟಿಗೆಯಾಗಲಿ, ಮೊದಲು ಇವರಿಗೆ ಒಗ್ಗಬೇಕು. ಆ ಅಳತೆಗಳು 1960ರಲ್ಲಿ ಪುಸ್ತಕವಾದವು. ಅದೇ ಆಫೀಸಿನ ನೀಲ್ಸ್ ಡಿಫ್ರಿಯಂಟ್ ಮತ್ತು ಜೊತೆಗಾರರು 1974ರಿಂದ ಹ್ಯೂಮನ್‌ಸ್ಕೇಲ್ ಹೆಸರಲ್ಲಿ ಆ ಕೆಲಸವನ್ನ ಮುಂದುವರಿಸಿದರು.

ಅದನ್ನ ನೋಡೋಕೆ ಡ್ರೈಫಸ್ ಇರಲಿಲ್ಲ. ಆಫೀಸಿನ ವ್ಯವಹಾರವನ್ನೆಲ್ಲ ನೋಡಿಕೊಳ್ತಿದ್ದ ಹೆಂಡತಿ ಡೋರಿಸ್‌ಗೆ ಗುಣವಾಗದ ಕಾಯಿಲೆ ಬಂದಿತ್ತು. 1972ರ ಅಕ್ಟೋಬರ್‌ನಲ್ಲಿ ಇಬ್ಬರೂ ಒಟ್ಟಿಗೇ ಪ್ರಾಣ ಬಿಟ್ಟರು.

ಕಳೆದ ಸೆಮಿಸ್ಟರ್ ನಾವು ಕ್ಯಾಂಟೀನಿಗೆ ಒಂದು ಟೋಕನ್ ಆ್ಯಪ್ ಮಾಡಿದ್ವಿ. ಕೌಂಟರ್ ಅಣ್ಣ ಎರಡೇ ದಿನಕ್ಕೆ ಬಿಟ್ಟುಬಿಟ್ಟರು. ಅವರಿಗೆ ಟೆಕ್ನಾಲಜಿ ಅರ್ಥ ಆಗಲ್ಲ ಅಂತ ರಿಪೋರ್ಟಲ್ಲಿ ಬರೆದ್ವಿ. ಅವರ ಕೈ ಯಾವಾಗಲೂ ಒದ್ದೆ, ಸ್ಕ್ರೀನ್ ಕೆಲಸವೇ ಮಾಡ್ತಿರಲಿಲ್ಲ. ನಮ್ಮಲ್ಲಿ ಒಬ್ಬರೂ ಅರ್ಧ ಗಂಟೆ ಅಲ್ಲಿ ನಿಂತು ನೋಡಿರಲಿಲ್ಲ. ಆ ರಿಪೋರ್ಟಿಗೆ ಒಳ್ಳೆ ಮಾರ್ಕ್ಸೇ ಬಂತು. ಕಾರ್ಪೆಟ್ ಮಾತ್ರ ನಮ್ಮದೇ ಆಗಿತ್ತು.