ನಿರೀಶ್ವರವಾದಿ ವಿಜ್ಞಾನಿ ಹಾಲ್ಡೇನ್ ಅವರ ಜೀವನ

ವಿಕಾಸವಾದವನ್ನು ಓದಿದ ಮಗನು ಇಷ್ಟಲಿಂಗ ಪೂಜೆಯನ್ನು ಬಿಟ್ಟನೆಂದು ಮರುಗುವ ತಂದೆತಾಯಿಗಳು ಇಂದು ಜೈನಾಪುರ, ಬಬಲೇಶ್ವರ, ತಿಕೋಟಾದ ಕಡೆಯಲ್ಲಿಯೂ ಇದ್ದಾರೆ. ಜೀವಿಗಳು ಒಂದರಿಂದೊಂದು ರೂಪುಗೊಂಡು ಬಂದವೆಂಬುದು ನಿಜವಾದರೆ ದೇವರಿಲ್ಲವೆಂದೇ ಆಯಿತಲ್ಲವೇ ಎಂಬುದು ಹುಡುಗರ ವಾದ. ದೇವರಿರುವುದು ನಿಜವಾದ್ದರಿಂದ ಆ ಪಾಠವೇ ಸುಳ್ಳಾಗಿರಬೇಕೆಂಬುದು ಹಿರಿಯರ ಉತ್ತರ. ಎರಡೂ ಅವಸರದ ಮಾತುಗಳು. ಈ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಹೊತ್ತು, ನಿರೀಶ್ವರವಾದಿಯೆಂದೇ ಹೆಸರಾಗಿ, ಕೊನೆಗೆ ನಮ್ಮ ದೇಶದ ಪ್ರಜೆಯಾಗಿ ಇಲ್ಲಿಯೇ ದೇಹವಿಟ್ಟ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರ ಚರಿತೆಯನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ಅವರು 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಅವರು ಉಸಿರಾಟದ ಕ್ರಿಯೆಯನ್ನು ಅಭ್ಯಸಿಸಿದ ಶರೀರವಿಜ್ಞಾನಿಗಳು. ಗಣಿಗಳ ವಿಷಗಾಳಿಯಿಂದ ಕೂಲಿಕಾರರು ಸಾಯುವುದನ್ನು ತಪ್ಪಿಸಲು ಅವರು ತಾವೇ ಆ ಗಾಳಿಯನ್ನು ಸೇವಿಸಿ ಪರೀಕ್ಷಿಸುತ್ತಿದ್ದರು. ಒಮ್ಮೆ ಬಾಲಕನಾದ ಮಗನನ್ನೂ ಗಣಿಯೊಳಗೆ ಕರೆದೊಯ್ದು, ಎದ್ದು ನಿಂತು ಷೇಕ್ಸ್‌ಪಿಯರನ ನಾಟಕದ ಒಂದು ಭಾಷಣವನ್ನು ಹೇಳೆಂದರು. ಹೇಳುತ್ತಿದ್ದಂತೆಯೇ ಹುಡುಗನಿಗೆ ಏದುಸಿರು ಬಂದು, ಕಾಲು ಕುಸಿದು, ನೆಲಕ್ಕೆ ಬಿದ್ದನು. ನೆಲದ ಮೇಲೆ ಉಸಿರು ಮರಳಿತು. ಗಣಿಯ ಅನಿಲವು ಗಾಳಿಗಿಂತ ಹಗುರವಾಗಿ ಮೇಲ್ಛಾವಣಿಯ ಕೆಳಗೆ ಕೂಡಿರುತ್ತದೆಂಬ ಪಾಠವನ್ನು ಆತನು ಹೀಗೆ ಮೈಯಿಂದಲೇ ಕಲಿತನು. ಇಂದಿನ ತಂದೆತಾಯಿಗಳು ಒಪ್ಪುವ ವಿಧಾನ ಇದಲ್ಲ, ನಾವೂ ಒಪ್ಪಲಾರೆವು. ಆದರೆ ಪರರ ದೇಹದ ಮೇಲೆ ಪ್ರಯೋಗಿಸುವ ಮೊದಲು ತನ್ನ ದೇಹವನ್ನೇ ಒಡ್ಡಬೇಕೆಂಬ ನಿಷ್ಠೆ ಆ ಮನೆಯದಾಗಿತ್ತು.

ಗಮನಿಸತಕ್ಕ ಸಂಗತಿ ಇನ್ನೊಂದಿದೆ. ತಂದೆಯವರು ಜಗತ್ತಿನ ಮೂಲಸತ್ಯವು ಆಧ್ಯಾತ್ಮಿಕವಾದುದೆಂದು ನಂಬಿ, ಅದನ್ನು ಪ್ರತಿಪಾದಿಸಿದವರು. ಮಗ ಆ ನಂಬಿಕೆಯನ್ನು ಸ್ವೀಕರಿಸಲಿಲ್ಲ. ಹಾಗಿದ್ದರೂ ಇಬ್ಬರೂ ಒಂದೇ ಪ್ರಯೋಗಶಾಲೆಯಲ್ಲಿ ಜೊತೆಯಾಗಿ ದುಡಿದರು. ನಂಬಿಕೆಯ ಭೇದವು ಆ ಮನೆಯನ್ನು ಒಡೆಯಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಹಾಲ್ಡೇನ್ ಅವರು ಎರಡು ಬಾರಿ ಗಾಯಗೊಂಡರು. ಮೆಸೊಪೊಟೇಮಿಯಾದಲ್ಲಿ ಆದ ಗಾಯದ ಉಪಚಾರಕ್ಕಾಗಿ ಅವರನ್ನು ಭಾರತಕ್ಕೆ ಕಳುಹಿಸಲಾಯಿತು. ಈ ನಾಡನ್ನು ಅವರು ಮೊದಲು ಕಂಡದ್ದು ಹೀಗೆ, ಆಳುವವರ ಸೈನ್ಯದ ಅಧಿಕಾರಿಯಾಗಿ. ಯುದ್ಧದ ತರುವಾಯ ಕೇಂಬ್ರಿಜ್‌ನಲ್ಲಿದ್ದಾಗ, 1924ರಿಂದ ಅವರು ನಿಸರ್ಗದ ಆಯ್ಕೆಯನ್ನು ಗಣಿತಕ್ಕೆ ಅಳವಡಿಸುವ ಲೇಖನಮಾಲೆಯನ್ನು ಬರೆದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಕಾರ್ಖಾನೆಗಳ ಮಸಿಯಿಂದ ಮರಗಳು ಕಪ್ಪಾದಾಗ, ಅಪರೂಪವಾಗಿದ್ದ ಕರಿಯ ಪತಂಗಗಳು ಸುಮಾರು ಅರ್ಧಶತಮಾನದಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ತುಂಬಿಕೊಂಡವು. ಅಷ್ಟು ಬೇಗ ಹೀಗಾಗಬೇಕಾದರೆ, ಬಿಳಿಯ ಪತಂಗಕ್ಕಿಂತ ಕರಿಯ ಪತಂಗವು ಒಂದೂವರೆ ಪಾಲು ಸಂತಾನವನ್ನಾದರೂ ಉಳಿಸಿರಬೇಕೆಂದು ಅವರು ಲೆಕ್ಕ ಕಟ್ಟಿ ತೋರಿಸಿದರು. ಅಲ್ಲಿಯವರೆಗೆ ಊಹೆಯೆಂದು ಹಲವರು ತಳ್ಳಿಹಾಕುತ್ತಿದ್ದ ಡಾರ್ವಿನ್ನರ ಸಿದ್ಧಾಂತಕ್ಕೆ ಇದರಿಂದ ಅಳತೆಯ ಬಲ ಬಂದಿತು.

ಈ ಗಣಿತಕ್ಕೆ ಅಡಿಪಾಯ ಹಾಕಿದವರು ಮೂವರು: ಹಾಲ್ಡೇನ್, ಅಮೆರಿಕದ ಸೀವಾಲ್ ರೈಟ್ ಮತ್ತು ಇಂಗ್ಲೆಂಡಿನವರೇ ಆದ ರೊನಾಲ್ಡ್ ಫಿಷರ್. ಇವರಲ್ಲಿ ಫಿಷರ್ ಅವರು ಚರ್ಚಿಗೆ ನಡೆದುಕೊಳ್ಳುತ್ತಿದ್ದ ಶ್ರದ್ಧಾವಂತ ಕ್ರೈಸ್ತರು, ಹಾಲ್ಡೇನ್ ಅವರು ದೇವರನ್ನು ಒಪ್ಪದವರು. ವಿಕಾಸವಾದವು ತಾನಾಗಿಯೇ ನಾಸ್ತಿಕತೆಯನ್ನು ಹುಟ್ಟಿಸುವುದಾದರೆ ಫಿಷರ್ ಅವರ ಭಕ್ತಿ ಉಳಿಯಬಾರದಾಗಿತ್ತು. ಮಗನು ಪೂಜೆ ಬಿಟ್ಟನೆಂದು ಜೀವಶಾಸ್ತ್ರದ ಪುಸ್ತಕವನ್ನು ಶಪಿಸುವವರು ಈ ಇಬ್ಬರನ್ನೂ ಒಟ್ಟಿಗೆ ನೆನೆಯಬೇಕು.

ಹಾಗಾದರೆ ಹಾಲ್ಡೇನ್ ಅವರ ನಿರೀಶ್ವರವಾದದ ಬೇರು ಯಾವುದು? ತಮ್ಮ ಪ್ರಯೋಗದ ನಡುವೆ ದೇವರಾಗಲಿ ದೆವ್ವವಾಗಲಿ ಕೈಹಾಕುವುದಿಲ್ಲವೆಂದು ಭಾವಿಸಿಯೇ ಕೆಲಸ ಮಾಡುವ ತಾವು, ಪ್ರಯೋಗಶಾಲೆಯ ಹೊರಗೆ ಬೇರೊಂದು ನಿಯಮವನ್ನು ಹಿಡಿದರೆ ಅದು ಅಪ್ರಾಮಾಣಿಕತೆಯಾಗುತ್ತದೆ ಎಂಬುದು ಅವರ ನಿಲುವು. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಶಕುನ, ಮುಹೂರ್ತ, ಪಂಚಸೂತಕಗಳನ್ನು ಶರಣರು ನಿರಾಕರಿಸಿದ್ದನ್ನು ಬಲ್ಲ ನಮಗೆ, ಪವಾಡದ ಮೇಲೆ ನಿಂತ ದೇವರನ್ನು ಅವರು ಒಪ್ಪದಿದ್ದುದು ಅಪರಿಚಿತವೆನಿಸದು. ಆದರೆ ಅಂತರಂಗದ ಅನುಭಾವವನ್ನು ಪ್ರಯೋಗನಳಿಕೆಯ ನಿಯಮದಿಂದಲೇ ಅಳೆಯಬಹುದೆಂಬಲ್ಲಿ ನಾವು ಅವರೊಡನೆ ಹೋಗಲಾರೆವು.

ಅವರ ಪ್ರಾಮಾಣಿಕತೆ ಬಾಯಿಮಾತಿನದಾಗಿರಲಿಲ್ಲ. ರಕ್ತದ ಆಮ್ಲತೆ ಏರಿದರೆ ಏನಾಗುವುದೆಂದು ತಿಳಿಯಲು ಅಮೋನಿಯಂ ಕ್ಲೋರೈಡಿನ ದ್ರಾವಣವನ್ನು ತಾವೇ ಕುಡಿದರು. 1939ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿಯು ಮುಳುಗಿ 99 ಮಂದಿ ಮೃತರಾದಾಗ, ಅಂಥ ಸ್ಥಿತಿಯಲ್ಲಿ ಮನುಷ್ಯನು ಹೇಗೆ ಬದುಕಬಹುದೆಂದು ಅರಿಯಲು ಉಕ್ಕಿನ ಕೋಣೆಗಳಲ್ಲಿ ಕುಳಿತು ಕೆಟ್ಟ ಗಾಳಿಯನ್ನೂ ಅತಿಯಾದ ಒತ್ತಡವನ್ನೂ ಸಹಿಸಿದರು. ಈ ಪ್ರಯೋಗಗಳಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಯಿತು.

ಇಂಥವರು ಒಂದು ಕಡೆ ಎಡವಿದರು. ಧರ್ಮದ ಕುರುಡುನಂಬಿಕೆಯನ್ನು ಖಂಡಿಸುತ್ತಿದ್ದ ಹಾಲ್ಡೇನ್ ಅವರು 1942ರಲ್ಲಿ ಕಮ್ಯೂನಿಸ್ಟ್ ಪಕ್ಷವನ್ನು ಸೇರಿದರು. ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬಾತನು ಅಧಿಕಾರದ ಬಲದಿಂದ ತಳಿವಿಜ್ಞಾನವನ್ನೇ ತುಳಿಯುತ್ತಿದ್ದ ಕಾಲವದು. ಹಿಂದೆ ಹಾಲ್ಡೇನ್ ಅವರನ್ನು ಆ ದೇಶಕ್ಕೆ ಆಹ್ವಾನಿಸಿದ್ದ ಮಹಾವಿಜ್ಞಾನಿ ವವಿಲೋವ್ ಅವರು ಬಂಧಿತರಾಗಿ 1943ರಲ್ಲಿ ಸೆರೆಮನೆಯಲ್ಲಿ ಪ್ರಾಣಬಿಟ್ಟರು. 1948ರಲ್ಲಿ ಆ ದೇಶದಲ್ಲಿ ತಳಿವಿಜ್ಞಾನವನ್ನು ನಿಷೇಧಿಸಿದಾಗಲೂ ಹಾಲ್ಡೇನ್ ಅವರು ಸ್ಪಷ್ಟವಾಗಿ ಖಂಡಿಸದೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಿದರು. ಕೆಲ ಕಾಲದ ಬಳಿಕ ಪಕ್ಷದಿಂದ ದೂರ ಸರಿದರು. ತಪ್ಪನ್ನು ಕಣ್ಣಾರೆ ಕಂಡೂ ತನ್ನವರದೆಂದು ಮೌನವಾಗುವ ರೋಗ ದೇವರನ್ನು ನಂಬುವವರಿಗೆ ಮಾತ್ರ ತಗಲುವುದಲ್ಲ. ಹಾಗೆಂದು ನಾವು ಅವರನ್ನು ಕಂಡು ನಗುವಂತೆಯೂ ಇಲ್ಲ. ನಮ್ಮ ಮಠಮಾನ್ಯಗಳ ಚರಿತ್ರೆಯಲ್ಲಿ ಅಂಥ ಮೌನಗಳು ಇಲ್ಲವೆನ್ನಲು ನಮಗೆ ಧೈರ್ಯವಿಲ್ಲ.

1957ರಲ್ಲಿ, ಸೂಯೆಜ್ ಕಾಲುವೆಯ ಮೇಲೆ ತಮ್ಮ ದೇಶವು ನಡೆಸಿದ ಆಕ್ರಮಣಕ್ಕೆ ಬೇಸತ್ತು, ಪತ್ನಿ ಹೆಲೆನ್ ಸ್ಪರ್ವೆ ಅವರೊಡನೆ ಭಾರತಕ್ಕೆ ಬಂದು ನೆಲೆಸಿದರು. ಮಹಾಲನೋಬಿಸ್ ಅವರು ಕಟ್ಟಿದ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತರು. ಬಿಳಿಯ ಜುಬ್ಬಾ ತೊಟ್ಟು, ಮಾಂಸಾಹಾರವನ್ನು ತ್ಯಜಿಸಿದರು. 1961ರಲ್ಲಿ ಭಾರತದ ಪೌರತ್ವವನ್ನು ಪಡೆದರು.

ದುಬಾರಿ ಯಂತ್ರಗಳಿಲ್ಲದೆಯೂ, ಪ್ರಾಣಿಯನ್ನು ಕೊಲ್ಲದೆಯೂ ಜೀವವಿಜ್ಞಾನವನ್ನು ನಡೆಸಬಹುದೆಂದು ಅವರು ಇಲ್ಲಿಯ ತರುಣರಿಗೆ ಕಲಿಸಿದರು. ಕೃಷ್ಣ ದ್ರೋಣಂರಾಜು ಅವರು ಲಂಟಾನದ ಯಾವ ಬಣ್ಣದ ಹೂವಿಗೆ ಯಾವ ಚಿಟ್ಟೆ ಬರುತ್ತದೆಂದು ಕುಳಿತು ಎಣಿಸಿದರು. ಆಂಧ್ರದ ಕಡೆ ಸೋದರಮಾವನೊಡನೆ ನಡೆಯುವ ಮದುವೆಗಳ ಅಧ್ಯಯನವೂ ನಡೆಯಿತು. ಆ ರೂಢಿ ನಮ್ಮ ಭಾಗದಲ್ಲಿಯೂ ಇರುವುದರಿಂದ ಅದು ನಮಗೆ ದೂರದ ವಿಷಯವಲ್ಲ. ಎಸ್. ಕೆ. ರಾಯ್ ಅವರು ಭತ್ತದ ಬೇರೆ ಬೇರೆ ತಳಿಗಳನ್ನು ಬೆರೆಸಿ ಬೆಳೆದರೆ ಇಳುವರಿ ಹೆಚ್ಚಬಹುದೆಂದು ತೋರಿಸಿದರು. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಬಿತ್ತುವ ನಮ್ಮ ರೈತರಿಗೆ ಇದು ಆಶ್ಚರ್ಯವೆನಿಸಲಾರದು.

ಮನುಷ್ಯನೂ ಪ್ರಾಣಿಗಳೂ ಒಂದೇ ಬಳಗವೆಂಬ ಮಾತು ಯುರೋಪಿನ ಜನರಿಗೆ ಡಾರ್ವಿನ್ನರಿಂದ ಬಂದ ಆಘಾತವಾದರೆ, ಭಾರತೀಯರಿಗೆ ಅದು ಹಳೆಯ ಪರಿಚಿತ ಭಾವನೆಯೆಂದು ಹಾಲ್ಡೇನ್ ಅವರು ಬರೆದರು. ಇದನ್ನು ಓದಿದಾಗ ಅವರನ್ನು ನಮ್ಮವರೆಂದು ಎಣಿಸಿಕೊಳ್ಳುವ ಆಸೆಯಾಗುವುದು ಸಹಜ. ಆದರೆ ಅವರು ದೀಕ್ಷೆ ಪಡೆದವರಲ್ಲ, ಭಕ್ತರಾದವರೂ ಅಲ್ಲ. ನಮ್ಮ ಉಡುಪನ್ನೂ ಊಟವನ್ನೂ ಅಹಿಂಸೆಯನ್ನೂ ಸ್ವೀಕರಿಸಿದರು. ದೇವರ ವಿಷಯದಲ್ಲಿ ಅವರು ಹಿಡಿದ ನಿಲುವನ್ನು ಸತ್ತ ಮೇಲೆ ನಾವು ತಿದ್ದಿ ಬರೆಯುವುದು ಸರಿಯಲ್ಲ.

ಸಂಸ್ಥೆಯನ್ನು ತೊರೆದ ಮೇಲೆ ಅವರು ಭುವನೇಶ್ವರದಲ್ಲಿ ಒಡಿಶಾ ಸರ್ಕಾರದ ನೆರವಿನಿಂದ ಪ್ರಯೋಗಶಾಲೆಯನ್ನು ಆರಂಭಿಸಿದರು. ಬಹುಕಾಲ ನಡೆಸಲು ಆಯುಷ್ಯವಿರಲಿಲ್ಲ. ಕ್ಯಾನ್ಸರ್ ರೋಗ ಕಾಣಿಸಿಕೊಂಡಾಗ ಅದರ ಮೇಲೆಯೇ ಹಾಸ್ಯದ ಪದ್ಯವೊಂದನ್ನು ಬರೆದರು. ವಿಜಯಪುರದಲ್ಲಿ ವಚನಗಳ ತಾಳೆಗರಿಗಳಿಗೆ ಬಾಳನ್ನೇ ತೆತ್ತ ಫ. ಗು. ಹಳಕಟ್ಟಿಯವರು ಲಿಂಗೈಕ್ಯರಾದ 1964ರಲ್ಲಿಯೇ, ಡಿಸೆಂಬರ್ 1ರಂದು ಹಾಲ್ಡೇನ್ ಅವರು ಭುವನೇಶ್ವರದಲ್ಲಿ ಕೊನೆಯುಸಿರೆಳೆದರು. ದಫನ ಬೇಡ, ದಹನವೂ ಬೇಡ, ಕಲಿಯುವ ಹುಡುಗರಿಗೆ ದೇಹವು ಉಪಯೋಗವಾಗಲೆಂಬುದು ಅವರ ಇಚ್ಛೆಯಾಗಿತ್ತು. ಅದರಂತೆ ಪಾರ್ಥಿವ ಶರೀರವನ್ನು ಆಂಧ್ರದ ಕಾಕಿನಾಡದಲ್ಲಿರುವ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.